ನೀರಿನಲ್ಲಿರುವ ಚೂರು ಲೋಹ ಅಳೆಯಲು ಯಾವ ಖನಿಜ? ಹಿಡಿಯುವುದರ ಜೊತೆ ಬಿಡುವುದನ್ನೂ ನೋಡಿ

ಈ ಮಳೆಗಾಲದಲ್ಲಿ ಒಂದೇ ಪ್ರಶ್ನೆ ನನ್ನ ಬಳಿ ಮೂರು ಸಲ ಬಂತು. ಮೊದಲು ಕೇಳಿದವರು ಭೋಸರಿಯಲ್ಲಿ ಕ್ರೋಮ್ ಪ್ಲೇಟಿಂಗ್ ಶೆಡ್ ನಡೆಸುವ ಬೆಳಗಾವಿ ಕಡೆಯ ಅಣ್ಣ. ಆಮೇಲೆ ವಾಸ್ಕೋದಿಂದ ಎಂ.ಎಸ್ಸಿ. ಓದುವ ಹುಡುಗಿ ಫೋನ್ ಮಾಡಿದಳು. ಅವಳ ಅಪ್ಪ ಗದಗದಿಂದ ಬಂದು ಬಂದರಿನಲ್ಲಿ ದುಡಿದವರು. ಇವಳು ಈಗ ಜುವಾರಿ ನದಿಯ ನೀರಿನ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಮೂರನೆಯವರು ಡೊಂಬಿವಲಿಯ ಶಾಲೆಯೊಂದರ ವಿಜ್ಞಾನ ಮೇಷ್ಟ್ರು. ಹಳೇ ಬಿಲ್ಡಿಂಗಿನ ನಲ್ಲಿ ನೀರಿನಲ್ಲಿ ಸೀಸ ಇದೆಯಾ ಅಂತ ಮಕ್ಕಳ ಜೊತೆ ಸೇರಿ ನೋಡಬೇಕು ಅನ್ನುವ ಆಸೆ ಅವರದು. "ಅಕ್ಕಾ, ಮೆಷಿನ್ ಇಷ್ಟು ಕಮ್ಮಿ ಲೋಹ ತೋರಿಸಲ್ವಂತೆ. ಮೊದಲು ಯಾವುದಾದರೂ ಖನಿಜದಲ್ಲಿ ಹಿಡಿದು ಗಟ್ಟಿ ಮಾಡಿಕೊಳ್ಳಬೇಕಂತೆ. ಜಿಯೋಲೈಟ್ ತಗೊಳ್ಳಲಾ, ಅಲ್ಯೂಮಿನಾ ತಗೊಳ್ಳಲಾ, ಬೆಂಟೊನೈಟ್ ಸಾಕಾ?" ವಾಸ್ಕೋದ ಹುಡುಗಿ ಕೇಳಿದ್ದು ಹೀಗೆ. ಉಳಿದಿಬ್ಬರದೂ ಹೆಚ್ಚುಕಮ್ಮಿ ಇದೇ.

ಪುಣೆಯ ನೀರು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಹತ್ತೊಂಬತ್ತು ವರ್ಷವಾಯಿತು. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಅಂತ ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇದೇ ಗೊಂದಲದಲ್ಲಿ ಇನ್ನೂ ಕೆಲವರು ಇರಬಹುದು, ಅವರಿಗಾಗಿ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಖನಿಜ ಯಾಕೆ ಬೇಕು

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. 2012ರ ಆವೃತ್ತಿಯ ಪ್ರಕಾರ ಲೀಟರ್ ನೀರಿನಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಬಾರದು. ಕ್ಯಾಡ್ಮಿಯಂ 3, ನಿಕ್ಕಲ್ 20, ಒಟ್ಟು ಕ್ರೋಮಿಯಂ 50, ಪಾದರಸ 1 ಮೈಕ್ರೋಗ್ರಾಂ. ಸಣ್ಣ ಕಾಲೇಜು, ಸಣ್ಣ ಲ್ಯಾಬುಗಳಲ್ಲಿ ಇರುವುದು ಸಾಮಾನ್ಯವಾಗಿ ಫ್ಲೇಮ್ ಎಎಎಸ್. ಅಂದರೆ ನೀರನ್ನು ಜ್ವಾಲೆಗೆ ಸಿಂಪಡಿಸಿ, ಅದರಲ್ಲಿರುವ ಲೋಹ ಎಷ್ಟು ಬೆಳಕು ನುಂಗುತ್ತದೆ ಅಂತ ನೋಡುವ ಯಂತ್ರ. ಸೀಸಕ್ಕೆ ಅದು ನಂಬುವಂಥ ಅಂಕಿ ಕೊಡಬೇಕಾದರೆ ಲೀಟರಿಗೆ ಹತ್ತಾರು ಮೈಕ್ರೋಗ್ರಾಂ ಇರಬೇಕು. ಮಿತಿ 10 ಇರುವಾಗ ಯಂತ್ರಕ್ಕೆ 50 ಬೇಕು ಅಂದರೆ ಕೆಲಸ ನಡೆಯುವುದಿಲ್ಲ, ಅಲ್ವಾ?

ಆದ್ದರಿಂದ 500 ಮಿಲಿ ನೀರನ್ನು ಒಂದು ಗ್ರಾಂ ಖನಿಜದ ಮೇಲೆ ಹರಿಸುತ್ತೇವೆ. ಲೋಹ ಅದರಲ್ಲಿ ಕೂರುತ್ತದೆ. ಆಮೇಲೆ 10 ಮಿಲಿ ದ್ರಾವಣದಿಂದ ಅದನ್ನು ಬಿಡಿಸಿಕೊಳ್ಳುತ್ತೇವೆ. ಎಲ್ಲವೂ ಸರಿಯಾಗಿ ನಡೆದರೆ ಲೋಹ 50 ಪಟ್ಟು ಗಟ್ಟಿಯಾಗುತ್ತದೆ. ಲೀಟರಿಗೆ 2 ಮೈಕ್ರೋಗ್ರಾಂ ಇದ್ದ ಸೀಸ ಯಂತ್ರಕ್ಕೆ 100 ಆಗಿ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ರಾಫೈಟ್ ಫರ್ನೇಸ್ ಎಎಎಸ್ ಅಥವಾ ಐಸಿಪಿ-ಎಂಎಸ್, ಅಂದರೆ ಇನ್ನೂ ಕಡಿಮೆ ಲೋಹವನ್ನು ಕಾಣಬಲ್ಲ ಯಂತ್ರಗಳು, ನಿಮ್ಮ ಕೈಗೆ ಸಿಗುವುದಾದರೆ, ನಿಮ್ಮದು ಸಿಹಿನೀರೇ ಆದರೆ, ಖನಿಜದ ಗೋಜೇ ಬೇಡ. ನೇರವಾಗಿ ಅಳೆಯಿರಿ. ಖನಿಜ ಬೇಕಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಯಂತ್ರ ಸಾಲದಿದ್ದಾಗ. ಇನ್ನೊಂದು, ನೀರಿನಲ್ಲಿ ಉಪ್ಪು ಜಾಸ್ತಿ ಇದ್ದಾಗ. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಐಸಿಪಿ-ಎಂಎಸ್ ತಡೆದುಕೊಳ್ಳುವುದು ಹೆಚ್ಚೆಂದರೆ 2 ಗ್ರಾಂ ಆಸುಪಾಸು. ತೆಳು ಮಾಡಿದರೆ ಉಪ್ಪಿನ ಜೊತೆ ಲೋಹವೂ ತೆಳುವಾಗುತ್ತದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಯಾವ ಲೋಹ, ಯಾವ ರೂಪದಲ್ಲಿ? ಸೀಸ, ಕ್ಯಾಡ್ಮಿಯಂ, ನಿಕ್ಕಲ್, ತಾಮ್ರ ನೀರಿನಲ್ಲಿ ಹೆಚ್ಚಾಗಿ ಧನ ಅಯಾನುಗಳು. ಆರು-ವೇಲೆನ್ಸಿಯ ಕ್ರೋಮಿಯಂ, ಆರ್ಸೆನಿಕ್, ಸೆಲೆನಿಯಂ ಆಕ್ಸಿಜನ್ ಕಟ್ಟಿಕೊಂಡು ಋಣ ಅಯಾನುಗಳಾಗಿ ಓಡಾಡುತ್ತವೆ. ಒಂದನ್ನು ಹಿಡಿಯುವ ಖನಿಜ ಇನ್ನೊಂದನ್ನು ಸುಮ್ನೆ ದಾಟಿಸಿಬಿಡುತ್ತದೆ.

ಯಾವ ನೀರು? ಮುಂಬೈಗೆ ತಾನ್ಸಾ, ಭಾತ್ಸಾ ಕೆರೆಗಳಿಂದ ಬರುವ ನೀರು ಮೆದು. ಪುಣೆಯ ಸುತ್ತಲಿನ ಕರಿಕಲ್ಲಿನ ಬೋರ್‌ವೆಲ್ ನೀರು ಗಡಸು. ಗೋವಾದ ನದಿ ಬಾಯಿಯ ನೀರು ಉಪ್ಪು.

ಹಿಡಿದದ್ದನ್ನು ಬಿಡಿಸುವುದು ಹೇಗೆ, ಬಿಡಿಸಿದ ದ್ರಾವಣವನ್ನು ನಿಮ್ಮ ಯಂತ್ರ ಒಪ್ಪುತ್ತದೆಯೇ? ಇದನ್ನು ಕೇಳುವವರೇ ಕಡಿಮೆ. ಯಾಕೆಂದರೆ ಖನಿಜಗಳ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಬಹಳಷ್ಟು ನೀರು ಶುದ್ಧ ಮಾಡುವ ಬಗ್ಗೆ. ಅಲ್ಲಿ ಲೋಹ ಗಟ್ಟಿಯಾಗಿ ಅಂಟಿಕೊಂಡಷ್ಟೂ ಒಳ್ಳೆಯದು, ಒಂದು ಗ್ರಾಂ ಖನಿಜ ಎಷ್ಟು ಮಿಲಿಗ್ರಾಂ ಹಿಡಿಯಿತು ಅನ್ನುವುದೇ ದೊಡ್ಡ ಸುದ್ದಿ. ಅಳೆಯುವವರಿಗೆ ಲೆಕ್ಕ ತಿರುಗುಮುರುಗು. ಅಂಟಿದ ಲೋಹ ಪೂರ್ತಿ ಹೊರಗೆ ಬರದಿದ್ದರೆ ನೀರಿನಲ್ಲಿ ಲೋಹ ಕಡಿಮೆ ಇದೆ ಅಂತ ತಪ್ಪು ವರದಿ ಹೋಗುತ್ತದೆ. ಕುಡಿಯುವ ನೀರಿನ ವಿಷಯದಲ್ಲಿ ಇದಕ್ಕಿಂತ ಅಪಾಯದ ತಪ್ಪು ಬೇರೊಂದಿಲ್ಲ ಅಂತ ನಾನು ನಂಬಿದ್ದೇನೆ.

ಕೊನೆಯದು ಬ್ಲಾಂಕ್. ನೀರಿನ ಬದಲು ಲೋಹವಿಲ್ಲದ ಶುದ್ಧ ನೀರು ಹಾಕಿ ಇಡೀ ಪ್ರಯೋಗ ಮಾಡಿದಾಗ ಯಂತ್ರ ಎಷ್ಟು ತೋರಿಸುತ್ತದೆ? ಖನಿಜ ಭೂಮಿಯಿಂದ ಬಂದದ್ದು, ತನ್ನೊಳಗೇ ಸ್ವಲ್ಪ ಲೋಹ ಇಟ್ಟುಕೊಂಡಿರುತ್ತದೆ.

ಇನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಂಕಿ. ಒಂದು ಗ್ರಾಂ ಒಳ್ಳೆಯ ಜಿಯೋಲೈಟ್‌ಗೆ ಸುಮಾರು 2 ಮಿಲಿ ಈಕ್ವಿವಲೆಂಟ್ (ಅಯಾನುಗಳನ್ನು ಅವುಗಳ ವಿದ್ಯುದಂಶದ ಮೇಲೆ ಎಣಿಸುವ ಅಳತೆ) ಅಯಾನು ಬದಲಿಸುವ ಶಕ್ತಿ ಇರುತ್ತದೆ. ಸೀಸದ ಲೆಕ್ಕದಲ್ಲಿ ಅದು ಸುಮಾರು 200 ಮಿಲಿಗ್ರಾಂ. ಲೀಟರಿಗೆ 10 ಮೈಕ್ರೋಗ್ರಾಂ ಸೀಸವಿರುವ ಒಂದು ಲೀಟರ್ ನೀರಿನಲ್ಲಿ ಇರುವುದು 10 ಮೈಕ್ರೋಗ್ರಾಂ ಮಾತ್ರ. ಜಾಗ ಇಪ್ಪತ್ತು ಸಾವಿರ ಪಟ್ಟು ಹೆಚ್ಚಿದೆ. ಆದರೆ ಅದೇ ನೀರಿನ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 300 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 6 ಮಿಲಿ ಈಕ್ವಿವಲೆಂಟ್ ಆಗುತ್ತದೆ. ಜಿಯೋಲೈಟಿನ ಪೂರ್ತಿ ಜಾಗದ ಮೂರು ಪಟ್ಟು. ಸಮುದ್ರದ ನೀರಾದರೆ ಸೋಡಿಯಂ ಒಂದೇ ಲೀಟರಿಗೆ 470. ಅಂದರೆ ಚೂರು ಲೋಹಕ್ಕೆ ಜಾಗದ ಕೊರತೆಯಿಲ್ಲ, ಆ ಜಾಗಕ್ಕೆ ನೂಕಾಡುವವರು ವಿಪರೀತ. ಕ್ಯಾಲ್ಸಿಯಂ, ಸೋಡಿಯಂ ಗುಂಪಿನ ನಡುವೆ ನಿಮ್ಮ ಲೋಹವನ್ನೇ ಹುಡುಕಿ ಕರೆದುಕೊಳ್ಳುತ್ತದೆಯೇ ಅನ್ನುವುದನ್ನು ನೋಡಿ ಖನಿಜ ಆರಿಸಿ.

ಜಿಯೋಲೈಟ್: ನಮ್ಮ ಊರಿನ ಕಲ್ಲು

ಪುಣೆಯವರಿಗೆ ಜಿಯೋಲೈಟ್ ಹೊಸದಲ್ಲ. ವಾಘೋಲಿಯ ಕಲ್ಲು ಕ್ವಾರಿಗಳಲ್ಲಿ ಕರಿಕಲ್ಲನ್ನು ಒಡೆದರೆ ಒಳಗಿನ ಪೊಳ್ಳಿನಲ್ಲಿ ಬಿಳಿ, ತಿಳಿ ಗುಲಾಬಿ ಹರಳುಗಳು ಹೊಳೆಯುತ್ತವೆ. ಸ್ಟಿಲ್ಬೈಟ್, ಹ್ಯೂಲಾಂಡೈಟ್, ಸ್ಕೋಲೆಸೈಟ್, ಮೆಸೊಲೈಟ್, ಹೀಗೆ ಬಗೆಬಗೆ. ಬೋರ್ ಘಾಟ್‌ನಲ್ಲಿ ರೈಲು ದಾರಿ ಕೊರೆಯುವಾಗಲೂ ಇವು ರಾಶಿ ರಾಶಿ ಸಿಕ್ಕಿದ್ದವು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಇಂಥ ಕಲ್ಲನ್ನು ಕಾಯಿಸಿದಾಗ ಅದು ನೊರೆನೊರೆಯಾಗಿ ಆವಿ ಬಿಟ್ಟಿತು. ಅದಕ್ಕೇ 'ಕುದಿಯುವ ಕಲ್ಲು' ಎಂಬ ಅರ್ಥದ ಗ್ರೀಕ್ ಹೆಸರು ಇಟ್ಟ.

"ಹಾಗಾದರೆ ವಾಘೋಲಿಗೆ ಹೋಗಿ ಒಂದು ಚೀಲ ಹರಳು ತಂದುಬಿಡಲಾ ಮೇಡಂ?" ಅಂತ ಡೊಂಬಿವಲಿಯ ಮೇಷ್ಟ್ರು ಕೇಳಿದರು. ಬೇಡ ಅಂದೆ. ಸೂಜಿಯಂತಿರುವ ಸ್ಕೋಲೆಸೈಟ್, ಮೆಸೊಲೈಟ್ ಆಮ್ಲಕ್ಕೆ ಬಿದ್ದರೆ ಗಂಜಿಯ ಹಾಗೆ ಲೋಳೆಯಾಗುತ್ತವೆ. ಇವುಗಳ ಜೊತೆ ಅಂಗಡಿಯಲ್ಲಿ ಮಾರುವ ಹಸಿರು ಅಪೋಫಿಲೈಟ್ ಜಿಯೋಲೈಟೇ ಅಲ್ಲ. ಲೋಹ ಹಿಡಿಯಲು ಎಲ್ಲರೂ ಬಳಸುವುದು ಕ್ಲೈನೊಪ್ಟಿಲೋಲೈಟ್. ಇದು ಹ್ಯೂಲಾಂಡೈಟಿನ ಕುಟುಂಬದ್ದೇ. ಚೌಕಟ್ಟು ಒಂದೇ, ಆದರೆ ಸಿಲಿಕಾ ಪಾಲು ಜಾಸ್ತಿ, ಆದ್ದರಿಂದ ಆಮ್ಲಕ್ಕೆ ಸ್ವಲ್ಪ ಹೆಚ್ಚು ತಡೆಯುತ್ತದೆ. ಅಕ್ವೇರಿಯಂ, ಕೃಷಿಗೆ ಮಾರುವ ಚೀಲಗಳಲ್ಲಿ ಅಗ್ಗಕ್ಕೆ ಸಿಗುತ್ತದೆ.

ಇದು ಸೀಸವನ್ನು ತುಂಬಾ ಇಷ್ಟಪಟ್ಟು ಹಿಡಿಯುತ್ತದೆ. ಮಧ್ಯಮ ಗಡಸು ನೀರಿನಲ್ಲೂ ಕ್ಯಾಲ್ಸಿಯಂ ಬಿಟ್ಟು ಸೀಸ ಆರಿಸಿಕೊಳ್ಳುತ್ತದೆ. ಕ್ಯಾಡ್ಮಿಯಂ, ಸತು, ನಿಕ್ಕಲ್ ವಿಷಯದಲ್ಲಿ ಇಷ್ಟು ಉತ್ಸಾಹವಿಲ್ಲ. ಗಡಸು ಏರಿದಂತೆ ಅವು ಜಾರಿ ಹೋಗುತ್ತವೆ. ಉಪ್ಪುನೀರಿಗಂತೂ ಬೇಡವೇ ಬೇಡ. ಋಣ ಅಯಾನುಗಳನ್ನು ಹಿಡಿಯುವುದೂ ಇಲ್ಲ.

ತೊಂದರೆ ಇರುವುದು ಬಿಡಿಸುವಾಗ. ಗಟ್ಟಿ ನೈಟ್ರಿಕ್ ಆಮ್ಲ ಹಾಕಿದರೆ ಸೀಸ ಬರುತ್ತದೆ, ಜೊತೆಗೆ ಕಲ್ಲಿನ ಅಲ್ಯೂಮಿನಿಯಂ ಕೂಡ ಕರಗಿ ಬರುತ್ತದೆ. ಕಾಲಂ, ಅಂದರೆ ಖನಿಜ ತುಂಬಿದ ಕೊಳವೆ, ನಾಲ್ಕಾರು ಸಲಕ್ಕೆ ಹಾಳು. ಉಪ್ಪಿನ ದ್ರಾವಣದಿಂದ ಬಿಡಿಸಬಹುದು, ಆದರೆ ಆ ಉಪ್ಪು ಎಎಎಸ್ ಬರ್ನರಿನ ಸೀಳಿನಲ್ಲಿ ಬಿಳಿ ಹಿಟ್ಟಾಗಿ ಕಟ್ಟುತ್ತದೆ. ನನಗೆ ಒಗ್ಗಿದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಜ್ವಾಲೆಯಲ್ಲಿ ಆವಿಯಾಗಿ ಹೋಗುತ್ತದೆ, ಬರ್ನರಿಗೆ ಕಾಟ ಕಡಿಮೆ. 10 ಮಿಲಿಯನ್ನು ಒಟ್ಟಿಗೆ ಸುರಿಯಬೇಡಿ. ಮೂರು ಕಂತಿನಲ್ಲಿ, ನಿಧಾನವಾಗಿ ಇಳಿಸಿ. ಕೊನೆಯ ಚೂರು ಸೀಸ ತಡವಾಗಿಯೇ ಹೊರಡುತ್ತದೆ.

ಬ್ಲಾಂಕಿನ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಜಿಯೋಲೈಟ್ ಕುಟ್ಟಿ, ಲ್ಯಾಬಿನಲ್ಲಿದ್ದ ಹಿತ್ತಾಳೆ ಜರಡಿಯಲ್ಲಿ ಜಾಲಿಸಿದೆ. ಚೆನ್ನಾಗಿ ತೊಳೆದೆ. ಬ್ಲಾಂಕ್ ಓಡಿಸಿದರೆ ತಾಮ್ರ, ಸತು ಎರಡೂ ಏರಿ ನಿಂತವು. ಮೂರು ದಿನ ನೀರು ಬದಲಿಸಿದೆ, ಆಮ್ಲ ಬದಲಿಸಿದೆ, ಬಾಟಲಿ ಬದಲಿಸಿದೆ. ಕೊನೆಗೆ ಜರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಕಲ್ಲಿನ ಪುಡಿ ಉಜ್ಜಿದ ಜಾಗದಲ್ಲಿ ತಂತಿ ಹೊಸ ಚಿನ್ನದ ಹಾಗೆ ಮಿನುಗುತ್ತಿತ್ತು. ಅಷ್ಟು ಹಿತ್ತಾಳೆ ಸವೆದು ನನ್ನ ಪುಡಿ ಸೇರಿತ್ತು. ಅವತ್ತಿನಿಂದ ನೈಲಾನ್ ಜರಡಿ. ಗಾಜಿನ ಉಣ್ಣೆ ಬದಲು ಪ್ಲಾಸ್ಟಿಕ್ ಬಿಲ್ಲೆ. ಪೌಡರ್ ಹಚ್ಚಿದ ಗ್ಲೌಸ್ ದೂರ, ಅದರಲ್ಲಿ ಸತು ಇರುತ್ತದೆ.

ಬೆಂಟೊನೈಟ್ ಮತ್ತು ಇತರ ಜೇಡಿಗಳು

ಕಛ್, ಬಾಡ್ಮೇರ್ ಕಡೆಯಿಂದ ಬರುವ ಬೆಂಟೊನೈಟ್ ತುಂಬಾ ಅಗ್ಗ, ಲೋಹವನ್ನೂ ಬೇಗ ಹಿಡಿಯುತ್ತದೆ. ಆದರೆ ನೀರು ತಾಗಿದರೆ ಉಬ್ಬುತ್ತದೆ. ಕಾಲಂನಲ್ಲಿ ತುಂಬಿದರೆ ನೀರು ಇಳಿಯುವುದೇ ನಿಂತುಹೋಗುತ್ತದೆ. ಬೀಕರಿನಲ್ಲಿ ಕಲಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಬೇರ್ಪಡಿಸಬೇಕು. ಪ್ರತಿ ಸಲ ಸ್ವಲ್ಪ ಜೇಡಿ ಮೇಲಿನ ನೀರಿನಲ್ಲೇ ಉಳಿಯುತ್ತದೆ. ಅಳೆಯುವ ಕೆಲಸಕ್ಕೆ ನಾನು ಇದನ್ನು ಹೇಳುವುದು ಒಂದೇ ಸಂದರ್ಭದಲ್ಲಿ: ನಿಮ್ಮ ಬಳಿ ಎಕ್ಸ್‌ಆರ್‌ಎಫ್ ಯಂತ್ರ ಇದ್ದರೆ. ಜೇಡಿಯನ್ನು ಒಣಗಿಸಿ, ಬಿಲ್ಲೆ ಒತ್ತಿ, ನೇರವಾಗಿ ಎಕ್ಸ್-ಕಿರಣದ ಕೆಳಗಿಟ್ಟರೆ ಬಿಡಿಸುವ ತಲೆನೋವೇ ಇಲ್ಲ.

ಅಲ್ಯೂಮಿನಾ: ಕ್ರೋಮಿಯಂ ಇರುವವರಿಗೆ

ಅಲ್ಯೂಮಿನಾ ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರ ಮೈಯ ವಿದ್ಯುದಂಶ ಪಿಎಚ್ ನೋಡಿ ಬದಲಾಗುತ್ತದೆ. ಸುಮಾರು 8ರಿಂದ 9ರ ಕೆಳಗೆ ಅದು ಧನ, ಮೇಲೆ ಋಣ. ಆಮ್ಲದಲ್ಲಿ ತೊಳೆದ ಅಲ್ಯೂಮಿನಾದ ಮೇಲೆ ಪಿಎಚ್ 2-3ರ ನೀರು ಹರಿಸಿದರೆ ಆರು-ವೇಲೆನ್ಸಿಯ ಕ್ರೋಮಿಯಂ ಕೂರುತ್ತದೆ, ಮೂರು-ವೇಲೆನ್ಸಿಯದು ದಾಟಿ ಹೋಗುತ್ತದೆ. ವಿಷ ಜಾಸ್ತಿ ಇರುವುದು ಆರರದ್ದು, ಆದ್ದರಿಂದ ಈ ಬೇರ್ಪಡಿಸುವಿಕೆಗೆ ಬೆಲೆ ಇದೆ. ಬಿಡಿಸುವುದೂ ಸುಲಭ. ತೆಳು ಅಮೋನಿಯಾ ಹಾಕಿದರೆ ಮೈ ಋಣವಾಗುತ್ತದೆ, ಕ್ರೋಮೇಟನ್ನು ತಾನೇ ತಳ್ಳುತ್ತದೆ. ಹಿಡಿ, ಬಿಡು ಎರಡೂ ಒಂದೇ ಗುಂಡಿಯಲ್ಲಿ ಇದ್ದ ಹಾಗೆ. ಖನಿಜಗಳಲ್ಲಿ ನನಗೆ ಬಹಳ ಇಷ್ಟವಾದ ಗುಣ ಇದು. ನೀರಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಅದು ಜಾಗ ಕಸಿಯುತ್ತದೆ, ಅದೊಂದು ನೆನಪಿರಲಿ. ಪ್ಲೇಟಿಂಗ್ ತೊಟ್ಟಿಗಳಲ್ಲಿ ಗಂಧಕಾಮ್ಲ ಇರುವುದರಿಂದ ಶೆಡ್ಡಿನ ನೀರಿನಲ್ಲಿ ಸಲ್ಫೇಟ್ ಇದ್ದೇ ಇರುತ್ತದೆ.

ಆದರೂ ಭೋಸರಿಯ ಅಣ್ಣನಿಗೆ ನಾನು ಅಲ್ಯೂಮಿನಾ ಕೊಳ್ಳಬೇಡಿ ಅಂದೆ. ಅವರಿಗೆ ಬೇಕಾದದ್ದು ಎರಡು. ಶೆಡ್ಡಿನಿಂದ ಹೊರಬೀಳುವ ನೀರು ಮಿತಿಯೊಳಗೆ ಇದೆಯಾ, ಪಕ್ಕದ ಬೋರ್‌ವೆಲ್‌ಗೆ ಇಳಿದಿದೆಯಾ. ಹೊರಬಿಡುವ ನೀರಿನಲ್ಲಿ ಆರು-ವೇಲೆನ್ಸಿ ಕ್ರೋಮಿಯಂ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಬೋರ್‌ವೆಲ್ ನೀರು ಕುಡಿಯುವುದಾದರೆ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ. ಡೈಫಿನೈಲ್ ಕಾರ್ಬಝೈಡ್ ಎಂಬ ಪುಡಿಯ ದ್ರಾವಣ ಹಾಕಿದರೆ ಆರರ ಕ್ರೋಮಿಯಂ ನೇರಳೆ ಬಣ್ಣ ಕೊಡುತ್ತದೆ. 540 ನ್ಯಾನೋಮೀಟರ್‌ನಲ್ಲಿ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್ ಇದನ್ನು ಆರಾಮಾಗಿ ಅಳೆಯುತ್ತದೆ. ಅವರ ಮಿತಿಗಳಿಗೆ ಇದೇ ಸಾಕು. ಬೋರ್‌ವೆಲ್‌ನ ಒಟ್ಟು ಕ್ರೋಮಿಯಂ ಮಾತ್ರ ವರ್ಷಕ್ಕೆ ಒಂದೆರಡು ಸಲ ದೊಡ್ಡ ಲ್ಯಾಬಿಗೆ ಕಳಿಸಿದರಾಯಿತು. ಬೋರ್‌ವೆಲ್‌ಗೆ ಇಳಿಯುತ್ತಿರುವ ಒಂದೆರಡು ಮೈಕ್ರೋಗ್ರಾಂ ಕೂಡ ತಿಂಗಳು ತಿಂಗಳು ಹಿಂಬಾಲಿಸಬೇಕು ಅಂದರೆ ಮಾತ್ರ ಅಲ್ಯೂಮಿನಾ ಕಾಲಂ ಹಾಕಿ, ಆ ನೇರಳೆ ಬಣ್ಣವನ್ನೇ ಗಟ್ಟಿ ಮಾಡಿ ನೋಡಿ.

ಇಲ್ಲಿ ಒಂದು ಎಚ್ಚರ. ಸೀಸದ ಸ್ಯಾಂಪಲ್‌ಗೆ ಬಾಟಲಿಯಲ್ಲೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ಇಳಿಸುತ್ತೇವೆ. ಆರರ ಕ್ರೋಮಿಯಂಗೆ ಹಾಗೆ ಮಾಡಿಟ್ಟರೆ ನೀರಿನಲ್ಲಿರುವ ಕೊಳೆ ಅದನ್ನು ಮೂರಕ್ಕೆ ಇಳಿಸಿಬಿಡುತ್ತದೆ. ಆಮ್ಲ ಹಾಕದೆ, ಫ್ರಿಜ್ಜಿನ ತಂಪಿನಲ್ಲಿಟ್ಟು, 24 ಗಂಟೆಯೊಳಗೆ ಅಳೆಯಿರಿ. ಕಾಲಂಗೆ ಬಿಡುವ ಹೊತ್ತಿಗೆ ಮಾತ್ರ ಪಿಎಚ್ ಇಳಿಸಿ.

ಉಪ್ಪುನೀರಿನವರಿಗೆ: ಮ್ಯಾಂಗನೀಸ್, ಮೆಗ್ನೀಸಿಯಂ, ಸಿಲಿಕಾ

ವಾಸ್ಕೋದ ಹುಡುಗಿಯ ಪ್ರಶ್ನೆ ಮೂರರಲ್ಲೂ ಕಷ್ಟದ್ದು. ಅವಳ ನದಿ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮೇ ತಿಂಗಳಲ್ಲಿ ಸಮುದ್ರದ ಉಪ್ಪು ನದಿಯೊಳಗೆ ದೂರ ಏರುತ್ತದೆ. ಜುಲೈನಲ್ಲಿ ಮಳೆ ನೀರು ಅದನ್ನು ಕೆಳಗೆ ತಳ್ಳಿ, ಮೇಲಿನ ಭಾಗ ಹೆಚ್ಚುಕಮ್ಮಿ ಸಿಹಿಯಾಗುತ್ತದೆ. ಜೊತೆಗೆ ಇದು ಗಣಿ ನಾಡು. ಕಬ್ಬಿಣ, ಮ್ಯಾಂಗನೀಸ್ ಅದಿರಿನ ಕೆಂಪು ಮಣ್ಣು ನದಿಗೆ ಇಳಿಯುತ್ತದೆ. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತರೂ ಹಳೇ ರಾಶಿಗಳು ಅಲ್ಲೇ ಇದ್ದವು.

ಉಪ್ಪಿನ ನಡುವೆ ಲೋಹ ಹುಡುಕುವುದರಲ್ಲಿ ಹೈಡ್ರಸ್ ಮ್ಯಾಂಗನೀಸ್ ಡೈಆಕ್ಸೈಡ್ ಗಟ್ಟಿಗ. ಪೊಟ್ಯಾಶಿಯಂ ಪರ್ಮಾಂಗನೇಟ್ ಮತ್ತು ಮ್ಯಾಂಗನೀಸ್ ಕ್ಲೋರೈಡ್ ಬೆರೆಸಿದರೆ ಕಾಫಿ ಚರಟದ ಬಣ್ಣದ ಪುಡಿಯಾಗಿ ಅದು ಸ್ಯಾಂಪಲ್‌ನಲ್ಲೇ ಹುಟ್ಟುತ್ತದೆ. ಬಹಳ ಕಡಿಮೆ ಪಿಎಚ್‌ವರೆಗೂ ಅದರ ಮೈ ಋಣವೇ. ಸೀಸ, ಕೋಬಾಲ್ಟ್, ಸತು, ಕ್ಯಾಡ್ಮಿಯಂ ಅದರ ಆಮ್ಲಜನಕಕ್ಕೆ ನೇರವಾಗಿ ಕಟ್ಟಿಕೊಳ್ಳುತ್ತವೆ. ಸೋಡಿಯಂಗೆ ಆ ಶಕ್ತಿಯಿಲ್ಲ. ಸಮುದ್ರದ ನೀರಿನಿಂದ ರೇಡಿಯಂ ಹಿಡಿಯಲು ಕೂಡ ಇದೇ ಆಕ್ಸೈಡ್ ಲೇಪಿಸಿದ ನಾರನ್ನು 1970ರ ದಶಕದಿಂದ ಬಳಸುತ್ತಾ ಬಂದಿದ್ದಾರೆ. ಬಿಡಿಸುವ ಬದಲು ಇಲ್ಲಿ ಖನಿಜವನ್ನೇ ಕರಗಿಸುತ್ತೇವೆ. ಫಿಲ್ಟರಿನ ಮೇಲಿನ ಕಂದು ಪದರಕ್ಕೆ ತೆಳು ಆಮ್ಲ, ಎರಡು ಹನಿ ಹೈಡ್ರೋಜನ್ ಪೆರಾಕ್ಸೈಡ್ ಬಿಡಿ. ಸಣ್ಣಗೆ ಚರ್ ಅಂದು, ಕಣ್ಣೆದುರೇ ಬಣ್ಣ ಮಾಯವಾಗಿ ತಿಳಿ ನೀರು ಉಳಿಯುತ್ತದೆ. ಲೋಹ ಒಳಗೆ ಉಳಿಯಿತೇನೋ ಅನ್ನುವ ಅನುಮಾನವೇ ಇಲ್ಲ. ಆದರೆ ಆ ತಿಳಿ ನೀರಿನ ತುಂಬಾ ಮ್ಯಾಂಗನೀಸ್ ಇರುತ್ತದೆ. ಸ್ಟಾಂಡರ್ಡ್ ದ್ರಾವಣಗಳಿಗೂ (ಲೋಹ ಎಷ್ಟಿದೆ ಅಂತ ಮೊದಲೇ ಗೊತ್ತಿರುವವು) ಅಷ್ಟೇ ಮ್ಯಾಂಗನೀಸ್ ಬೆರೆಸಿ ಹೋಲಿಸಬೇಕು. ಮ್ಯಾಂಗನೀಸನ್ನೇ ಅಳೆಯಬೇಕಾದವರಿಗೆ ಈ ದಾರಿ ಮುಚ್ಚಿದಂತೆ. ಗೋವಾದಲ್ಲಿ ಅದೇ ಮುಖ್ಯ ಲೋಹ ಅನ್ನುವುದು ಮರೆಯಬಾರದು.

ಎರಡನೆಯ ದಾರಿ ನನಗೆ ಇವತ್ತಿಗೂ ಸೋಜಿಗ. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಶುದ್ಧ ಅಮೋನಿಯಾ ಹಾಕಿದರೆ ಅದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಬಿಳಿ ಮೋಡದ ಹಾಗೆ ಇಳಿಯುತ್ತದೆ. ಪ್ರಕೃತಿಯಲ್ಲಿ ಇದೇ ವಸ್ತುವಿಗೆ ಬ್ರೂಸೈಟ್ ಖನಿಜ ಅಂತ ಹೆಸರು. ಇಳಿಯುವಾಗ ಸೀಸ, ಕಬ್ಬಿಣವನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ಖನಿಜ ತರುವ ಮಾತೇ ಇಲ್ಲ, ಬ್ಲಾಂಕ್ ತುಂಬಾ ಕಡಿಮೆ. ತಾಮ್ರ, ಕ್ಯಾಡ್ಮಿಯಂ ಅಮೋನಿಯಾ ಜೊತೆ ಕಟ್ಟಿಕೊಂಡು ನೀರಿನಲ್ಲೇ ಉಳಿಯುವ ಸಾಧ್ಯತೆ ಇದೆ, ರಿಕವರಿ, ಅಂದರೆ ಸೇರಿಸಿದ ಲೋಹದಲ್ಲಿ ಎಷ್ಟು ವಾಪಸ್ ಬಂತು ಅನ್ನುವುದನ್ನು, ನೋಡದೆ ನಂಬಬೇಡಿ. ಇನ್ನೊಂದು, ಜುಲೈ ತಿಂಗಳ ಸಿಹಿನೀರಿನಲ್ಲಿ ಮೆಗ್ನೀಸಿಯಂ ಸಾಕಷ್ಟು ಇರುವುದಿಲ್ಲ, ಮೋಡವೇ ಕಟ್ಟುವುದಿಲ್ಲ. ಎರಡು ಋತುವನ್ನು ಒಂದೇ ವಿಧಾನದಲ್ಲಿ ಹೋಲಿಸಬೇಕಾದವರಿಗೆ ಇದು ದೊಡ್ಡ ತೊಡಕು.

ಮೂರನೆಯದು ಸಿಲಿಕಾ ಜೆಲ್‌ಗೆ ಆಕ್ಸೀನ್ ಕಟ್ಟಿದ ಕಾಲಂ. ಬರೀ ಸಿಲಿಕಾ ಚೂರು ಲೋಹಕ್ಕೆ ಅಷ್ಟು ಉಪಯೋಗವಿಲ್ಲ. ಅದರ ಮೈಗೆ ಆಕ್ಸೀನ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ 8-ಹೈಡ್ರಾಕ್ಸಿಕ್ವಿನೋಲಿನ್, ಹೊಲಿದ ಹಾಗೆ ಕಟ್ಟಿದರೆ ಸಮುದ್ರದ ನೀರಿನ ಸಹಜ ಪಿಎಚ್ 8ರಲ್ಲೇ ತಾಮ್ರ, ನಿಕ್ಕಲ್, ಕ್ಯಾಡ್ಮಿಯಂ, ಸೀಸ, ಸತು ಎಲ್ಲ ಕೂರುತ್ತವೆ. ಸೋಡಿಯಂ ಹರಿದು ಹೋಗುತ್ತದೆ. 10 ಮಿಲಿ ಆಮ್ಲಕ್ಕೆ ಬಿಟ್ಟುಬಿಡುತ್ತದೆ, ಮತ್ತೆ ಮತ್ತೆ ಬಳಸಬಹುದು. ನೀರು ಸಿಹಿಯಾದರೂ ಉಪ್ಪಾದರೂ ನಡೆಯುತ್ತದೆ. ಆದರೆ ತಯಾರಿಸಲು ದಿನಗಟ್ಟಲೆ ಹಿಡಿಯುತ್ತದೆ, ರೆಡಿ ಸಿಗುವುದು ದುಬಾರಿ. ಪಿಎಚ್ 9ರ ಮೇಲೆ ಹೋದರೆ ಸಿಲಿಕಾ ತಾನೇ ಕರಗುತ್ತಾ ಕಟ್ಟಿದ್ದನ್ನು ಕಳೆದುಕೊಳ್ಳುತ್ತದೆ. ಇದೇ ಕೆಲಸಕ್ಕೆ ಕೀಲೆಕ್ಸ್-100 ಎಂಬ ರೆಸಿನ್ ಕೂಡ ಇದೆ. ಅದು ಖನಿಜವಲ್ಲ, ಆದರೆ ಪ್ರತಿಸ್ಪರ್ಧಿ ಅಂತ ಹೆಸರು ಹೇಳಲೇಬೇಕು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹಿಡಿಯುವುದರಿಂದ ಅಮೋನಿಯಂ ಅಸಿಟೇಟ್‌ನಿಂದ ತೊಳೆಯುವ ಒಂದು ಹೆಜ್ಜೆ ಜಾಸ್ತಿ.

ಇವಳ ವಿಭಾಗದಲ್ಲಿ ಇರುವುದು ಫ್ಲೇಮ್ ಎಎಎಸ್. ಗ್ರಾಫೈಟ್ ಫರ್ನೇಸ್ ಬೇಕಾದರೆ ಬೇರೆ ಸಂಸ್ಥೆಯಲ್ಲಿ ದಿನ ಕೇಳಿ ಹೋಗಬೇಕು. ಎರಡು ಋತು, ಐದು ಲೋಹ. ನಾನು ಹೇಳಿದ್ದು ಆಕ್ಸೀನ್ ಸಿಲಿಕಾ. ಗೈಡ್ ಹಣ ಕೊಡಿಸಲು ಆಗದಿದ್ದರೆ ಮ್ಯಾಂಗನೀಸ್ ಡೈಆಕ್ಸೈಡ್, ಆದರೆ ಪ್ರಾಜೆಕ್ಟಿನ ಹೆಸರಿನಿಂದ ಮ್ಯಾಂಗನೀಸ್ ತೆಗೆದುಬಿಡು ಅಂದೆ.

ಆರ್ಸೆನಿಕ್ ಇರುವವರಿಗೆ ಒಂದು ಸಾಲು: ಕಬ್ಬಿಣದ ಹೈಡ್ರಾಕ್ಸೈಡ್ ಅದನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಮೂರು-ವೇಲೆನ್ಸಿ ಆರ್ಸೆನಿಕ್ ಇದ್ದರೆ ಮೊದಲು ಐದಕ್ಕೆ ಏರಿಸಿಕೊಳ್ಳಿ. ಹೈಡ್ರೈಡ್ ಜನರೇಟರ್ (ಆರ್ಸೆನಿಕ್ಕನ್ನು ಅನಿಲ ಮಾಡಿ ಯಂತ್ರಕ್ಕೆ ಕೊಡುವ ಸಾಧನ) ಇರುವ ಎಎಎಸ್ ಸಿಕ್ಕರೆ ಅದೂ ಬೇಡ. ನದಿಯಲ್ಲೇ ದಿನಗಟ್ಟಲೆ ಇಟ್ಟು ಸರಾಸರಿ ತಿಳಿಯಬೇಕಾದವರಿಗೆ ಡಿಜಿಟಿ ಎಂಬ ಪುಟ್ಟ ಬಿಲ್ಲೆಗಳಿವೆ. 1994ರಲ್ಲಿ ಲಂಕಾಸ್ಟರ್‌ನ ಡೇವಿಸನ್ ಮತ್ತು ಝಾಂಗ್ ರೂಪಿಸಿದ ವಿಧಾನ. ಒಳಗೆ ಟೈಟಾನಿಯಂ ಡೈಆಕ್ಸೈಡ್ ಇರುವ ಬಿಲ್ಲೆ ಆರ್ಸೆನಿಕ್, ಸೆಲೆನಿಯಂಗೆ ಒಗ್ಗುತ್ತದೆ. ಭರತ ಇಳಿತ ಇರುವ ನದಿಗೆ ಇದು ಒಳ್ಳೆಯದು. ಬಿಲ್ಲೆಯ ಬೆಲೆ, ಕಳ್ಳತನ ಎರಡಕ್ಕೂ ತಯಾರಾಗಿರಬೇಕು.

ಯಾವುದೇ ಖನಿಜವಾದರೂ ತಪ್ಪಿಸಲಾಗದ ಎರಡು ಕೆಲಸ

ಸ್ಯಾಂಪಲ್ ಅನ್ನು ಆಮ್ಲದಿಂದ ಮತ್ತೆ ಕಾಲಂನ ಪಿಎಚ್‌ಗೆ ತರುವಾಗ ನಿಧಾನವಿರಲಿ. ಗೋವಾದ ಬಿಚೋಲಿಂ ಕಡೆಯ ಗಣಿ ಹಳ್ಳದ ನೀರಿಗೆ ಅಮೋನಿಯಾ ಜೋರಾಗಿ ಸುರಿದದ್ದನ್ನು ಒಮ್ಮೆ ನೋಡಿದ್ದೇನೆ. ಬೀಕರಿನ ತಳದಲ್ಲಿ ಕಿತ್ತಳೆ ಬಣ್ಣದ ಹತ್ತಿಯಂಥದ್ದು ಕಟ್ಟಿತು. ಅದು ಕಬ್ಬಿಣದ ಹೈಡ್ರಾಕ್ಸೈಡ್. ಸೀಸವನ್ನೆಲ್ಲ ಅದೇ ನುಂಗಿತ್ತು, ಕಾಲಂಗೆ ಇಳಿದದ್ದು ಖಾಲಿ ನೀರು. ಅಮೋನಿಯಂ ಅಸಿಟೇಟ್ ಬಫರ್ ಹಾಕಿ, ಹನಿ ಹನಿಯಾಗಿ ಏರಿಸಿ. ಕಬ್ಬಿಣ ಜಾಸ್ತಿ ಇದ್ದರೆ ಕಾಲಂ ಬಿಟ್ಟು ಆ ಕಿತ್ತಳೆ ಹತ್ತಿಯನ್ನೇ ಉದ್ದೇಶಪೂರ್ವಕ ಹಿಡಿದು ಕರಗಿಸುವುದು ಜಾಣತನ.

ಎರಡನೆಯದು ಸ್ಪೈಕ್. ಒಂದೇ ನೀರಿನ ಎರಡು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಗೊತ್ತಿರುವಷ್ಟು ಸೀಸ ಸೇರಿಸಿ, ಲೀಟರಿಗೆ 5 ಮೈಕ್ರೋಗ್ರಾಂ ಅಂದುಕೊಳ್ಳಿ. ಎರಡನ್ನೂ ಕಾಲಂ ದಾಟಿಸಿ. ವ್ಯತ್ಯಾಸ 5 ಬರಬೇಕು. 4ರಿಂದ 6ರ ನಡುವೆ ಬಂದರೆ ನಾನು ಒಪ್ಪುತ್ತೇನೆ. 3 ಬಂದರೆ ಎಲ್ಲೋ ಸೋರಿದೆ, ಇಲ್ಲವೇ ಖನಿಜ ಬಿಟ್ಟುಕೊಟ್ಟಿಲ್ಲ. ಸ್ಪೈಕನ್ನು ಶುದ್ಧ ನೀರಿಗೆ ಹಾಕಿ ಚೆನ್ನಾಗಿ ಬಂತು ಅಂತ ಸಮಾಧಾನ ಪಡಬೇಡಿ. ನಿಮ್ಮದೇ ನದಿಯ, ನಿಮ್ಮದೇ ಬೋರ್‌ವೆಲ್‌ನ ನೀರಿಗೇ ಹಾಕಿ. ಕ್ಯಾಲ್ಸಿಯಂ, ಉಪ್ಪು, ಕೊಳೆತ ಎಲೆಯ ರಸ ಎಲ್ಲ ಇರುವುದು ಅದರಲ್ಲೇ. ಎಲೆಯ ರಸದ ಹ್ಯೂಮಿಕ್ ಆಮ್ಲ ಲೋಹವನ್ನು ತಬ್ಬಿಕೊಂಡು ಕಾಲಂನಿಂದ ಆಚೆ ದಾಟಿಸುತ್ತದೆ. ನದಿಯ ನೀರನ್ನು ಮೊದಲೇ ನೈಟ್ರಿಕ್ ಆಮ್ಲದಲ್ಲಿ ಕುದಿಸಿಕೊಂಡರೆ ಆ ಹಿಡಿತ ಬಿಡುತ್ತದೆ. ಸ್ಪೈಕನ್ನೂ ಕುದಿಸುವ ಮೊದಲೇ ಹಾಕಿ.

ಇನ್ನು ಡೊಂಬಿವಲಿಯ ಮೇಷ್ಟ್ರು. ಒಂದೇ ಸಲ ನಾಲ್ಕು ನಲ್ಲಿ ನೋಡುವುದಿದ್ದರೆ ಐಸಿಪಿ-ಎಂಎಸ್ ಇರುವ ಲ್ಯಾಬಿಗೆ ಕಳಿಸಿ, ಅದೇ ಅಗ್ಗ ಅಂದೆ. ಅವರಿಗೆ ವರ್ಷವಿಡೀ, ಮಕ್ಕಳ ಕೈಯಿಂದಲೇ ಮಾಡಿಸುವ ಆಸೆ. ಡೊಂಬಿವಲಿಗೆ ಉಲ್ಹಾಸ್ ನದಿಯ ನೀರು. ಅಳೆಯಬೇಕಾದದ್ದು ಸೀಸ ಒಂದೇ. ಹತ್ತಿರದ ಕಾಲೇಜಿನವರು ಫ್ಲೇಮ್ ಎಎಎಸ್‌ನಲ್ಲಿ ನೋಡಿಕೊಡುತ್ತೇವೆ ಅಂದಿದ್ದಾರೆ. ಇಲ್ಲಿ ಕ್ಲೈನೊಪ್ಟಿಲೋಲೈಟ್ ಸರಿಯಾಗಿ ಕೂರುತ್ತದೆ. ಆಮ್ಲ ಹಾಕುವ ಕೆಲಸ ಮೇಷ್ಟ್ರದು, ಕಾಲಂ ಕಾಯುವುದು ಮಕ್ಕಳದು. ನಿಮಿಷಕ್ಕೆ 2 ಮಿಲಿ ಇಳಿದರೆ 500 ಮಿಲಿಗೆ ನಾಲ್ಕು ಗಂಟೆ ದಾಟುತ್ತದೆ, ಶನಿವಾರ ಬೆಳಿಗ್ಗೆಯೇ ಶುರು ಮಾಡಬೇಕು. ಸ್ಯಾಂಪಲ್ ಹಿಡಿಯುವುದು ಅದಕ್ಕೂ ಮೊದಲು. ರಾತ್ರಿ ಕನಿಷ್ಠ ಆರು ಗಂಟೆ ಕಾಲ ನಲ್ಲಿ ಮುಟ್ಟದೆ ಬಿಟ್ಟು, ಬೆಳಿಗ್ಗೆ ಮೊದಲು ಬಿದ್ದ ಒಂದು ಲೀಟರ್ ಹಿಡಿಯಬೇಕು. ಹಳೇ ಹಿತ್ತಾಳೆ ನಲ್ಲಿ, ಬೆಸುಗೆಯಿಂದ ಬಿಟ್ಟ ಸೀಸ ಇದ್ದರೆ ಆ ಲೀಟರಿನಲ್ಲೇ ಇರುತ್ತದೆ. ಆಮೇಲೆ ಐದು ನಿಮಿಷ ನೀರು ಬಿಟ್ಟು ಇನ್ನೊಂದು ಬಾಟಲಿ.

"ಎರಡೂ ಬಾಟಲಿಗೆ ಸ್ಪೈಕ್ ಹಾಕಬೇಕಾ ಮೇಡಂ?" ಅಂತ ಕೇಳಿದರು. ಹೌದು ಸರ್, ಎರಡಕ್ಕೂ. ಪ್ರತಿ ಬಾಟಲಿಯ ನೀರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ.